ಅಪ್ಪನ ಮೇಲ್ ನನಗೆ ಓದಲು ಬಂದಿತ್ತು

ಟೀಚರಮ್ಮ, ಅಪ್ಪನ ಮೇಲ್ ನನಗೆ ಓದಲು ಬಂದಿತ್ತು. ಅಕ್ಷರ ಒಡೆದುಹೋಗಿದೆ, ಏನೂ ತಿಳಿಯಲಿಲ್ಲ ಎಂದು ನಾನು ಅವರಿಗೆ ಹೇಳಿದ್ದು ಸುಳ್ಳು. ಅವರು ಅದನ್ನು ನಂಬಿದರು. ಅವರ ಬಾಯಿಂದ ಕೇಳಿ ನೀವೂ ನಂಬಿದಿರಿ.

ಅಪ್ಪನ ಹನ್ನೊಂದನೆಯ ದಿನದ ಕಾರ್ಯಕ್ಕೆ ನೀವು ಚಿಂತಾಮಣಿ ಕಡೆಯಿಂದ ದಿಬ್ಬೂರಹಳ್ಳಿಗೆ ಬಂದು ಪೆಂಡಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದಿರಿ. ಅವರು ಯಾರು ಎಂದು ನನ್ನ ಸೋದರತ್ತೆ ಕೇಳಿದರು. "ಮೊದಲು ಇಲ್ಲಿ ಅಂಗನವಾಡಿ ಟೀಚರ್ ಆಗಿದ್ದೋರು" ಎಂದೆ. ತಪ್ಪಿಲ್ಲದ ಮಾಹಿತಿ. ಪತ್ರಿಕೆಯಲ್ಲಿ ಅಚ್ಚಾದರೂ ಯಾರೂ ಆಕ್ಷೇಪಿಸುವಂತಿರಲಿಲ್ಲ. ಹೊರಡುವಾಗ ನೀವು ನನ್ನ ಕೈ ಹಿಡಿದುಕೊಂಡು ಕೇಳಿದಿರಿ.

"ನಿಮ್ಮಪ್ಪ ನಿಮಗೇನೋ ಬರ್ದಿದ್ರಂತೆ. ಅದು ಓದಕ್ಕೇ ಆಗ್ಲಿಲ್ವಂತಲ್ಲಮ್ಮ. ಏನಂತ ಬರ್ದಿದ್ರೋ, ನಂಗೂ ಹೇಳ್ಲೇ ಇಲ್ಲ ಆ ಮನುಷ್ಯ."

"ಹೌದಾ? ನೆನಪಾಗ್ತಿಲ್ಲ" ಎಂದೆ. ಅದೂ ಸುಳ್ಳು.

ಮೇಲ್ ಬಂದ ದಿನ ನಾನು ಚಿಕ್ಕಬಳ್ಳಾಪುರದ ಪತ್ರಿಕಾ ಕಚೇರಿಯಲ್ಲಿ ಜಿಲ್ಲಾ ಪುಟ ನೋಡುತ್ತಿದ್ದೆ. ಅಪ್ಪ ಆಗ ದಿಬ್ಬೂರಹಳ್ಳಿಯ ಹಾಲಿನ ಡೇರಿಯ ಕಾರ್ಯದರ್ಶಿ. ಅವರು ಮೇಲ್ ಕಳಿಸಿದ್ದೇ ನನಗೆ ಆಶ್ಚರ್ಯ — ಫೋನ್ ಮಾಡುವವರು, ಬರೆಯುವವರಲ್ಲ. ಮೊದಲ ನಾಲ್ಕು ಸಾಲು ಸರಿಯಾಗಿಯೇ ಇದ್ದವು. ಕ್ಷೇಮ, ನನ್ನನ್ನು ನೋಡಿಹೋದ ಗೌರಿಬಿದನೂರಿನ ಗಂಡಿನ ಕಡೆಯವರು ಏನೆಂದರು, ಆರೋಗ್ಯ ನೋಡಿಕೋ. ಆಮೇಲೆ "ಒಂದು ವಿಷಯ ಹೇಳಬೇಕು ಮಗಳೇ" ಎಂದಿತ್ತು. ಅಲ್ಲಿಂದ ಕೆಳಗೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೀಟು, ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಸಾಲುಸಾಲಾಗಿ.

ಏನಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಅದು ನನ್ನ ದಿನನಿತ್ಯದ ಕೆಲಸ. ಅರ್ಧ ಫೋನಿನಲ್ಲಿ ಬರೆದು ಇಟ್ಟುಕೊಂಡಿದ್ದಾರೆ. ಉಳಿದರ್ಧವನ್ನು ಡೇರಿಯ ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅದಕ್ಕೇ ಅಂಟಿಸಿದ್ದಾರೆ. ಆ ಫಾಂಟ್ ಇರುವ ಕಡೆ ಅದು ಕನ್ನಡ, ಇಲ್ಲದ ಕಡೆ ಹೀಗೆ. ನಮ್ಮ ತಾಲ್ಲೂಕು ವರದಿಗಾರರ ಸುದ್ದಿಗಳು ದಿನಾ ಹೀಗೇ ಒಡೆದು ಬರುತ್ತಿದ್ದವು. ಕಾಪಿ ಮಾಡಿ ಕನ್ವರ್ಟರಿಗೆ ಹಾಕಿದರೆ ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಸರಿಹೋಗುತ್ತದೆ. ಅಪ್ಪನದೂ ಸರಿಹೋಯಿತು.

ಓದಿದೆ. ಎರಡನೆಯ ಸಲ ಓದಿದೆ. ಮೇಲ್ ಮುಚ್ಚಿ ನಗರಗೆರೆಯ ಒಂದು ರಸ್ತೆ ಗುಂಡಿಯ ಸುದ್ದಿಗೆ ಶೀರ್ಷಿಕೆ ಕೊಟ್ಟೆ.

ಮರುದಿನ ಅಪ್ಪನ ಫೋನ್ ಬಂತು. "ಮೇಲ್ ಸಿಕ್ತೇನಮ್ಮ?"

"ಸಿಕ್ತಪ್ಪ. ಆದ್ರೆ ಮೇಲಿನ ನಾಲ್ಕು ಸಾಲು ಬಿಟ್ರೆ ಅಕ್ಷರ ಎಲ್ಲಾ ಒಡೆದೋಗಿದೆ. ಓದಕ್ಕೆ ಆಗ್ಲಿಲ್ಲ."

"ಏನೂ?"

"ಏನೂ ಇಲ್ಲಪ್ಪ."

ಆ "ಏನೂ?" ಎಂಬುದರಲ್ಲಿ ನಿರಾಸೆಯಿತ್ತೋ, ಪಾರಾದೆ ಎಂಬ ಸಮಾಧಾನವಿತ್ತೋ — ಬೇರೆಯವರ ಮಾತು ತಿದ್ದುತ್ತಲೇ ವಯಸ್ಸು ಕಳೆದ ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಆಮೇಲೆ ಅವರು ನಕ್ಕರು. "ಡೇರಿ ಕಂಪ್ಯೂಟರ್‌ಗೂ ನನ್ ಫೋನ್‌ಗೂ ಮಾತು ಬಿಟ್ಟೋಗೈತೆ ಕಣಮ್ಮ, ಅತ್ತೆ ಸೊಸೆ ಥರ. ನಾನೇ ಬರ್ತೀನಿ ತಡಿ, ಹೇಳ್ಕೊಡುವಂತೆ."

ಬಂದರು. ಭಾನುವಾರ, ಒಂದು ಚೀಲ ಅವರೆಕಾಯಿ ಹಿಡಿದುಕೊಂಡು. ಅದು ನಿಮ್ಮ ಹಿತ್ತಲಿನದೆಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳಲಿಲ್ಲ. ಟೇಬಲ್ಲಿನ ಮುಂದೆ ಕೂತು ನಾನು ಅವರಿಗೆ ಎಲ್ಲವನ್ನೂ ಕಲಿಸಿದೆ. ಶುರು ಮಾಡಿದ ಕಡೆಯೇ ಮುಗಿಸಬೇಕು, ಡೇರಿಯಲ್ಲೇ ಬರೆಯುವುದಾದರೆ ಯೂನಿಕೋಡ್ ಎಂದಿರುವುದನ್ನು ಆರಿಸಬೇಕು, ಕಳಿಸುವ ಮುಂಚೆ ತಮ್ಮ ಫೋನಿನಲ್ಲೊಮ್ಮೆ ತೆರೆದು ನೋಡಬೇಕು. ಒಂದು ತಪ್ಪೂ ಇಲ್ಲದಂತೆ, ತಾಳ್ಮೆಯಿಂದ ಕಲಿಸಿದೆ. ನನಗೆ ಈಗ ಸಹಿಸಲಾಗದಿರುವುದು ಸುಳ್ಳಿಗಿಂತ ಆ ತಾಳ್ಮೆ. ಅವರಿಗೆ ಅದನ್ನು ಇನ್ನೊಮ್ಮೆ ಬರೆಯುವ ಧೈರ್ಯ ಬರುವುದಿಲ್ಲ ಎಂದು ಲೆಕ್ಕ ಹಾಕಿಯೇ ಕಲಿಸಿದೆ.

ಅಲ್ಲೇ ಕೂತು ಪರೀಕ್ಷೆಗೆಂದು ಒಂದು ಮೇಲ್ ಕಳಿಸಿದರು. "ಮಗಳೇ ಈಗ ಓದಕ್ಕೆ ಬರ್ತದಾ."

"ಬರ್ತದೆ ಅಪ್ಪ, ಚೆನ್ನಾಗಿ ಬಂದಿದೆ. ಅವತ್ತಿಂದ್ರಲ್ಲಿ ಮುಖ್ಯವಾದ್ದೇನಾದ್ರೂ ಇತ್ತಾ?"

ಅವರು ನನ್ನ ಮುಖವನ್ನೇ ನೋಡಿದರು. ನಾನು ಪರದೆ ನೋಡುತ್ತಿದ್ದೆ.

"ಅಂಥಾದ್ದೇನಿಲ್ಲ ಕಣಮ್ಮ. ಡೇರಿ ವಿಷಯ."

ಆ ವರ್ಷವೇ ನೀವು ನಿವೃತ್ತರಾಗಿ ಚಿಂತಾಮಣಿ ಕಡೆಯ ನಿಮ್ಮ ತಮ್ಮನ ಊರಿಗೆ ಹೋದಿರಿ. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಟೀಚರಮ್ಮ ಹಸು ಮಾರಿದ್ರು." ಮುಂದೇನಾದರೂ ಹೇಳುತ್ತಾರೇನೋ ಎಂದು ನಾನು ಕಾಯಲಿಲ್ಲ. ಪುಟ ಕಳಿಸುವ ಹೊತ್ತು, ಆಮೇಲೆ ಮಾಡ್ತೀನಿ ಎಂದೆ.

ಯಾಕೆ ಹೀಗೆ ಮಾಡಿದೆ? ಗೌರಿಬಿದನೂರಿನವರು ಏನಂದುಕೊಳ್ಳುತ್ತಾರೋ ಎಂಬುದೊಂದು. ಅಮ್ಮನ ಜಾಗದಲ್ಲಿ — ಆ ವಾಕ್ಯವನ್ನು ಎಷ್ಟು ಸಲ ಶುರು ಮಾಡಿದರೂ ಮುಗಿಸಲು ಆಗಿಲ್ಲ. ಇವು ಕಾರಣಗಳು, ಸಮರ್ಥನೆಯಲ್ಲ. ಬೇಡ ಎನ್ನುವ ಅವಕಾಶವನ್ನು ಅಪ್ಪ ನನಗೆ ಕೊಟ್ಟಿದ್ದರು. ಬೇಡ ಎಂದಿದ್ದರೆ ಅವರು ನನ್ನ ಮೇಲೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದರು, ನೀವಿಬ್ಬರೂ ಕೂತು ನನ್ನನ್ನು ಬೈದುಕೊಳ್ಳುತ್ತಿದ್ದಿರಿ. ನಾನು ಅದಕ್ಕೂ ದಾರಿ ಬಿಡಲಿಲ್ಲ. ತಪ್ಪನ್ನು ಒಂದು ಕಂಪ್ಯೂಟರಿನ ತಲೆಗೆ ಕಟ್ಟಿದೆ.

ಈಗ ನೀವು ಕೇಳಿದ ಪ್ರಶ್ನೆಗೆ ಉತ್ತರ. ಅಪ್ಪ ಬರೆದದ್ದು ಇದು. ಒಂದಕ್ಷರವನ್ನೂ ನಾನು ತಿದ್ದಿಲ್ಲ.

"ಟೀಚರಮ್ಮ ನಮ್ಮ ಡೇರಿಗೆ ದಿನಾ ಹಾಲು ಹಾಕ್ತಾರೆ ನಿನಗೆ ಗೊತ್ತು. ನಾವಿಬ್ಬರೂ ಒಂದೇ ಮನೇಲಿ ಇರೋಣ ಅಂದುಕೊಂಡಿದೀವಿ. ಮದುವೆ ಮಾಡಿಕೊಂಡೇ ಇರ್ತೀವಿ, ನಿನಗೆ ಯಾರೂ ಒಂದು ಮಾತು ಅನ್ನಬಾರದು. ನೀನು ಅವರನ್ನ ಚಿಕ್ಕಮ್ಮ ಅನ್ನಬೇಕಾಗಿಲ್ಲ, ಟೀಚರಮ್ಮ ಅಂತಲೇ ಕರಿ. ಮುಖ ನೋಡಿ ಕೇಳಕ್ಕೆ ಧೈರ್ಯ ಇಲ್ಲ ಅದಕ್ಕೇ ಬರೀತಿದೀನಿ. ಬೇಡ ಅನ್ನಿಸಿದರೆ ಬೇಡ ಅಂತ ಒಂದು ಮಾತು ಬರಿ, ಇಲ್ಲಿಗೇ ಬಿಡ್ತೀನಿ. ನಿಮ್ಮಮ್ಮ ಹೋದ ಮೇಲೆ ಎಲ್ಲರೂ ನನ್ನ ಊಟ ಆಯ್ತಾ ಅಂತ ಕೇಳ್ತಾರೆ. ನೀನೂ ಕೇಳ್ತೀಯ. ಆಯ್ತು ಅಂತೀನಿ. ಅವರೊಬ್ಬರು ಏನು ಊಟ ಅಂತ ಕೇಳ್ತಾರೆ. ಅದಕ್ಕೆ ಸುಳ್ಳು ಹೇಳಕ್ಕೆ ಬರಲ್ಲ ನನಗೆ."

ಇದನ್ನು ಓದಿದ ಮೇಲೂ ನಾನು ಪ್ರತಿದಿನ ಫೋನ್ ಮಾಡುತ್ತಿದ್ದೆ, "ಊಟ ಆಯ್ತಾಪ್ಪ" ಎಂದು ಕೇಳುತ್ತಿದ್ದೆ, "ಆಯ್ತಮ್ಮ" ಎನ್ನುತ್ತಿದ್ದರು. ಏನು ಊಟ ಎಂದು ಕೇಳಬೇಕು ಅನ್ನಿಸಿದ ದಿನಗಳಿವೆ. ಕೇಳಿದರೆ ಮೇಲ್ ಓದಿದ್ದೇನೆ ಎಂದು ಅವರಿಗೆ ತಿಳಿದುಬಿಡುತ್ತಿತ್ತು. ಅದಕ್ಕೇ ಕೇಳಲಿಲ್ಲ. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನವೂ — ಆಯ್ತಾಪ್ಪ, ಆಯ್ತಮ್ಮ.

ಬರುವ ಭಾನುವಾರ ಚಿಂತಾಮಣಿ ಬಸ್ಸು ಹತ್ತಿ ನಿಮ್ಮಲ್ಲಿಗೆ ಬರುತ್ತೇನೆ. ಅಷ್ಟರೊಳಗೆ ಇದು ನಿಮ್ಮ ಕೈ ಸೇರಿರುತ್ತದೆ. ಬಾಗಿಲು ತೆಗೆಯಬೇಕೆಂದೇನೂ ಇಲ್ಲ. ಕ್ಷಮೆ ಕೇಳಲು ಬರುತ್ತಿಲ್ಲ. ಅಪ್ಪನಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮ್ಮ ಮುಖ ನೋಡಿ ಹೇಳಲು ಬರುತ್ತೇನೆ.

ಅವತ್ತು ಪೆಂಡಾಲಿನಿಂದ ಹೊರಡುವ ಮುಂಚೆ ನೀವು ಇನ್ನೊಂದು ಮಾತು ಕೇಳಿದ್ದಿರಿ. "ಎಡೆಗೆ ಏನೇನಿಟ್ರಮ್ಮ?" ಅಪ್ಪನಿಗೆ ಇಷ್ಟವಾದದ್ದೇ ಇಟ್ಟೆವೆಂದು ನಾನು ಒಂದೊಂದಾಗಿ ಹೇಳಿದೆ. ವಡೆ, ಚಿತ್ರಾನ್ನ, ಶಾವಿಗೆ ಪಾಯಸ. ನೀವು ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಹಾಕಿಕೊಳ್ಳುತ್ತಾ, ನನಗೆ ನೋವಾಗದ ಹಾಗೆ ಮೆಲ್ಲಗೆ ಅಂದಿರಿ: "ಪಾಯಸ ಅವರು ಮುಟ್ತಿರ್ಲಿಲ್ಲ ಕಣಮ್ಮ."

ನನಗೆ ಗೊತ್ತಿರಲಿಲ್ಲ.