ಕೇಳದೆ ಕಟ್ಟಿದ ಬ್ಯಾನರ್

ಇದು ನಡೆದದ್ದು ಕಳೆದ ವರ್ಷ, ಈಸ್ಟರ್ ರಜೆ ಮುಗಿದ ಮೇಲೆ ಬಂದ ಒಂದು ಭಾನುವಾರ. ನಾವಿರುವುದು ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ, ಊರು ರಾಣೆಬೆನ್ನೂರು. ಇಲ್ಲಿಗೆ ಬಂದ ಹೊಸದರಲ್ಲಿ ಕೆಲಸ ಹುಡುಕಿ ಹುಡುಕಿ ಸಾಕಾಗಿ, ಗ್ಯಾರೇಜಿನಲ್ಲಿ ಕುರ್ಚಿ, ಮೇಜು, ದೊಡ್ಡ ಪಾತ್ರೆಗಳನ್ನು ಇಟ್ಟುಕೊಂಡು ಸಮಾರಂಭಗಳಿಗೆ ಬಾಡಿಗೆಗೆ ಕೊಡಲು ಶುರು ಮಾಡಿದೆ. ಈಗ ನಾಮಕರಣ, ಸೀಮಂತ, ಸಂಘದ ಯುಗಾದಿ, ರಾಜ್ಯೋತ್ಸವ ಎಲ್ಲಕ್ಕೂ ನಮ್ಮದೇ ಸಾಮಾನು. ಹೊಸದಾಗಿ ಈ ದೇಶಕ್ಕೆ ಬರುವವರಿಗೆ ಒಂದು ಮಾತು: ಅಂಗಡಿಗೆ ಓಡಬೇಡಿ. ಇಲ್ಲಿ ಬೇಡದ ಸಾಮಾನನ್ನು ಜನ ಮನೆಯ ಮುಂದಿನ ಹುಲ್ಲಿನ ಮೇಲೆ ತಂದಿಡುತ್ತಾರೆ, ಕೌನ್ಸಿಲ್‌ನ, ಅಂದರೆ ಇಲ್ಲಿಯ ನಗರಸಭೆಯ, ಲಾರಿ ಬಂದು ಒಯ್ಯುತ್ತದೆ. ಲಾರಿಗಿಂತ ಮೊದಲು ನೀವು ಹೋಗಿ, ಮನೆಯವರನ್ನು ಕೇಳಿ ಎತ್ತಿಕೊಂಡು ಬನ್ನಿ. ನನ್ನ ಮೊದಲ ಮೇಜುಗಳೆಲ್ಲ ಹಾಗೇ ಬಂದವು.

ನೊಮ್ಸಾ ಎಂಬಾಕೆ ಕುರ್ಚಿ ಕೇಳಿಕೊಂಡು ಬಂದದ್ದು ಆ ವರ್ಷದ ಬೇಸಿಗೆಯ ಕೊನೆಯಲ್ಲಿ, ಇಲ್ಲಿ ಅದು ಫೆಬ್ರವರಿ. ದಕ್ಷಿಣ ಆಫ್ರಿಕಾದವಳು, ಕ್ಲೇಟನ್‌ನಲ್ಲಿ ನರ್ಸ್. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕುರ್ಚಿ ಕೇಳಿದ್ರೆ ಸಿಂಹಾಸನದ ರೇಟು ಹೇಳ್ತಿದ್ದೀಯಲ್ಲ?" ಅಂದಳು.

"ಒಂದ್ಸಲ ಕೂತು ನೋಡಿ, ಆಮೇಲೆ ಹೇಳಿ" ಅಂದೆ.

ಕೂತಳು. ಕಾಲ ಮೇಲೆ ಕಾಲು ಹಾಕಿಕೊಂಡು ಅರ್ಧ ಗಂಟೆ ಚೌಕಾಸಿ ಮಾಡಿದಳು. ಇಷ್ಟು ವರ್ಷದಲ್ಲಿ ನನ್ನ ಸರಿಸಮಕ್ಕೆ ನಿಂತು ಚೌಕಾಸಿ ಮಾಡಿದ ಗಿರಾಕಿ ಅವಳೊಬ್ಬಳೇ. ಅಲ್ಲಿಗೆ ನಾವು ಸ್ನೇಹಿತೆಯರಾದೆವು.

ಕುರ್ಚಿ ಯಾಕೆ ಅಂತ ಕೇಳಿದಾಗ ವಿಷಯ ತಿಳಿಯಿತು. ಅವರ ದೇಶದಿಂದ ಬಂದು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿ, ಇಂಟರ್ನೆಟ್ಟಿನಲ್ಲಿ ಬ್ಲಾಗ್ ಬರೆಯುವವರ ಒಂದು ಗುಂಪಿದೆ. ಅಡುಗೆ, ತೋಟ, ಮಕ್ಕಳು, ನೌಕರಿ, ಏನು ತೋಚುತ್ತದೋ ಅದನ್ನು ಬರೆಯುತ್ತಾರೆ. ಒಂದು ವರ್ಷ ಸಿಡ್ನಿಯಲ್ಲಿ, ಒಂದು ವರ್ಷ ಇಲ್ಲಿ ಸೇರುತ್ತಾರೆ.

"ಈಗ ಬ್ಲಾಗ್ ಯಾರು ಓದ್ತಾರೆ? ಎಲ್ಲ ವಿಡಿಯೊ ಅಲ್ವಾ?" ಅಂದೆ.

"ನಾವೇ ಓದ್ತೀವಿ, ಒಬ್ಬರದನ್ನ ಇನ್ನೊಬ್ಬರು. ಅದಕ್ಕೇ ಸೇರೋದು."

ಅವರಲ್ಲಿ ಒಂದು ಪದ್ಧತಿಯಿದೆ. ವೋಟು, ತೀರ್ಪುಗಾರರು ಯಾವುದೂ ಇಲ್ಲ. ಒಂದು ಮಣಿಸರವಿದೆ. ಹಿಂದಿನ ವರ್ಷ ಅದನ್ನು ಪಡೆದವರು ಈ ವರ್ಷ ಯಾರಿಗೆ ಅಂತ ತಾವೇ ಆರಿಸುತ್ತಾರೆ. ಸಭೆಯಲ್ಲಿ ಹೆಸರು ಹೇಳುವುದಿಲ್ಲ, ಆ ವ್ಯಕ್ತಿಯ ಬರಹದ ಒಂದು ತುಂಡನ್ನು ಸುಮ್ಮನೆ ಓದುತ್ತಾರೆ. ಬರೆದವರು ಅದು ತನ್ನದೆಂದು ಗುರುತಿಸಿ ಎದ್ದು ನಿಲ್ಲಬೇಕು. ಆಗ ಸರ ಕೊರಳಿಗೆ ಬೀಳುತ್ತದೆ. ಅಷ್ಟೇ. ಭಾಷಣವೂ ಇಲ್ಲ.

ಹಿಂದಿನ ವರ್ಷದ ಸರ ನೊಮ್ಸಾಳ ಹತ್ತಿರವಿತ್ತು. ಅವಳು ಆರಿಸಿದ್ದು ಸಿಡ್ನಿಯ ಆಂಟಿ ಗ್ವೆನ್ ಎಂಬುವರನ್ನು. ಅವರೂ ನಮ್ಮ ಹಾಗೇ ಹಿರಿಯರನ್ನು ಆಂಟಿ ಅನ್ನುತ್ತಾರೆ. ಗ್ವೆನ್ ಕೇಪ್ ಟೌನ್‌ನವರು, ಈಗ ಚಾಟ್ಸ್‌ವುಡ್‌ನಲ್ಲಿ ಒಬ್ಬರೇ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಬರೆಯುವುದು ಕಡಿಮೆಯಾಗಿ, ಏಪ್ರಿಲ್ ಕೊನೆಗೆ ಬ್ಲಾಗನ್ನೇ ಅಳಿಸಿಹಾಕುತ್ತೇನೆ ಅಂತ ಎಲ್ಲರಿಗೂ ತಿಳಿಸಿದ್ದರು.

"ಅಳಿಸಿಬಿಟ್ರೆ ಅಷ್ಟು ವರ್ಷದ್ದು ಎಲ್ಲ ಹೋಯ್ತು. ನಮ್ಮಲ್ಲಿ ಅರ್ಧ ಜನ ಬರೆಯೋಕೆ ಶುರು ಮಾಡಿದ್ದೇ ಅವರನ್ನ ಓದಿ. ಅವರ ಬರಹ ಅವರಿಗೇ ಓದಿ ಹೇಳಿದ್ರೆ ಮನಸ್ಸು ಬದಲಾಯಿಸಬಹುದೇನೋ ಅಂತ" ಅಂದಳು ನೊಮ್ಸಾ. "ಆದ್ರೆ ಆಂಟಿಗೆ ಮೆರೆಸೋದು ಅಂದ್ರೆ ಆಗಲ್ಲ. ಸುಳಿವು ಸಿಕ್ಕಿದ್ರೆ ಬರೋದೇ ಇಲ್ಲ. ಸುಮ್ಮನೆ ಊಟಕ್ಕೆ ಕರೆದಿದ್ದೀನಿ. ಅವರ ಮಂಡಿ ನೋಯ್ತದೆ, ಬಾಗಿಲ ಹತ್ರ ಒಂದು ಮೆತ್ತನೆ ಕುರ್ಚಿ ಹಾಕು. ಯಾರಿಗೂ ಹೇಳಬೇಡ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಯೋಚಿಸಿದೆ. ನಮ್ಮಲ್ಲಿ ಸನ್ಮಾನ ಬೇಡ ಅನ್ನದವರು ಯಾರಿದ್ದಾರೆ? ಬೇಡ ಬೇಡ ಅನ್ನುತ್ತಲೇ ರೇಷ್ಮೆ ಜುಬ್ಬಾ ಹಾಕಿಕೊಂಡು ಬರುತ್ತಾರೆ. ಇಷ್ಟು ದೊಡ್ಡ ಬರಹಗಾರ್ತಿಗೆ ಬರೀ ಮಣಿಸರವೇ? ನನ್ನ ಹತ್ತಿರ ಸನ್ಮಾನದ ಸೆಟ್ಟೇ ಇದೆ: ಶಾಲು, ಪೇಟ, ಹಣ್ಣಿನ ಬುಟ್ಟಿ, ಗಂಧದ ಹಾರ. ಬಾಡಿಗೆ ಬೇಡ, ನನ್ನ ಕಡೆಯಿಂದ ಇರಲಿ ಅಂದುಕೊಂಡೆ. ಜೊತೆಗೆ ಒಂದು ಬ್ಯಾನರ್. ಅದರಲ್ಲಿ ಹಾಕಲು ಒಂದು ಒಳ್ಳೆ ಸಾಲು ಬೇಕಲ್ಲ ಅಂತ ಅವರ ಬ್ಲಾಗ್ ತೆರೆದೆ. ಒಂದು ಸಾಲು ಹುಡುಕಲು ಹೋದವಳು ಅಡುಗೆ ಮಾಡುವುದನ್ನೂ ಮರೆತು ಓದಿದೆ. ಫೋಟೊವನ್ನೂ ಅಲ್ಲಿಂದಲೇ ತೆಗೆದುಕೊಂಡೆ: ದಟ್ಟವಾದ ಗುಂಗುರು ಕೂದಲಿನ, ಜೋರಾಗಿ ನಗುವ ಹೆಂಗಸು.

ಭಾನುವಾರ ಬೆಳಿಗ್ಗೆ ಅವರು ಬಾಡಿಗೆಗೆ ಹಿಡಿದಿದ್ದ ಹಾಲ್‌ನ ಗೇಟಿಗೆ ಬ್ಯಾನರ್ ಕಟ್ಟುವಾಗ ನಮ್ಮ ಯಜಮಾನರು ಏಣಿಯ ಮೇಲಿಂದ ಕೇಳಿದರು: "ಆ ನೊಮ್ಸಾನ್ನ ಒಂದ್ ಮಾತ ಕೇಳೀಯೇನ?"

"ಸರ್‌ಪ್ರೈಸ್ ಅಂದ್ರ ಕೇಳಿ ಮಾಡ್ತಾರೇನ್ರೀ?"

"ಕೆಳಗ ನಿನ್ನ ಫೋನ್ ನಂಬರ್ ಇಷ್ಟ್ ದೊಡ್ಡದ ಹಾಕೀಯಲ್ಲ, ಅದೂ ಸರ್‌ಪ್ರೈಸಾ?"

"ನಾಕ್ ಮಂದಿ ನೋಡ್ಲಿ ಬಿಡ್ರಿ. ಸುಮ್ನ ಗಂಟು ಹಾಕ್ರಿ."

ಮಗಳು ವ್ಯಾನಿನೊಳಗಿಂದಲೇ ನೋಡಿ, "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಅಂದಳು. ಅವಳಿಗೆ ನಾವು ಮಾಡುವುದೆಲ್ಲ ಹಾಗೇ ಅನ್ನಿಸುತ್ತದೆ, ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಬ್ಬರೂ ಉಳಿದ ಕುರ್ಚಿ ತರಲು ಮನೆಗೆ ಹೋದರು. ನೊಮ್ಸಾ ಮತ್ತು ಅವಳ ಕಡೆಯವರು ಆಗಲೇ ಹಾಲ್‌ನ ಹಿಂದೆ ಕೆಂಡ ಹೊತ್ತಿಸುತ್ತಿದ್ದರು. ಕೆಂಡದ ಮೇಲೆ ಮಾಂಸ ಸುಡುವುದು ಅವರ ಹಬ್ಬದಡುಗೆ, ಮಾಂಸ ತಿನ್ನದ ನನಗೋಸ್ಕರ ಗೋವಿನಜೋಳದ ತೆನೆ ತಂದಿದ್ದರು. ಮುಂದಿನ ಗೇಟಿನ ಕಡೆ ಯಾರೂ ಬಂದಿರಲಿಲ್ಲ.

ನಾನು ಹಣ್ಣಿನ ಬುಟ್ಟಿಯಲ್ಲೇ ಶಾಲು, ಪೇಟ ಇಟ್ಟುಕೊಂಡು ಗೇಟಿಗೆ ಬಂದಾಗ ವಯಸ್ಸಾದ ಹೆಂಗಸೊಬ್ಬರು ಬ್ಯಾನರ್ ನೋಡುತ್ತ ನಿಂತಿದ್ದರು. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಊರುಗೋಲು, ಸಣ್ಣ ಸೂಟ್‌ಕೇಸು.

"ಸ್ಟೇಷನ್‌ಗೆ ಬಸ್ ಎಷ್ಟೊತ್ತಿಗಿದೆ?" ಅಂತ ಕೇಳಿದರು.

"ಭಾನುವಾರ ಅಲ್ವಾ, ಈಗಷ್ಟೇ ಒಂದು ಹೋಯ್ತು. ಇನ್ನೊಂದು ಬರೋದು ತಡ. ಕೂತ್ಕೊಳ್ಳಿ, ಚಹಾ ಇದೆ" ಅಂತ ಅಲ್ಲೇ ಒಂದು ಕುರ್ಚಿ ಬಿಡಿಸಿ ಹಾಕಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ. ಕೂತರು.

ಬ್ಯಾನರ್ ಕಡೆ ಗಲ್ಲ ಎತ್ತಿ, "ಯಾರು ಅದು?" ಅಂದರು.

"ಸಿಡ್ನಿಯವರು. ದೊಡ್ಡ ರೈಟರ್."

"ಓದಿದ್ದೀಯಾ?"

"ಓದಿದ್ದೀನಿ. ಚೆನ್ನಾಗಿ ಬರೀತಾರೆ, ಆದ್ರೆ ವ್ಯವಹಾರಜ್ಞಾನ ಕಡಿಮೆ."

ಅವರು ಕಪ್ಪನ್ನು ತುಟಿಯಿಂದ ಇಳಿಸಿದರು. "ಹೌದಾ? ಹೇಗೆ?"

ಸಲಹೆ ಕೇಳಿದರೆ ನಾನು ಸುಮ್ಮನಿರುವವಳಲ್ಲ, ಕೇಳದಿದ್ದರೂ ಸುಮ್ಮನಿರುವುದಿಲ್ಲ. ಅವರ ಬ್ಲಾಗಿನಲ್ಲಿ ಓದಿದ ಒಂದು ಬರಹವನ್ನು ಪೂರ್ತಿ ಹೇಳಿದೆ. ಗಂಡ ಹೋದ ಮೇಲೆ ಆತನ ಏಣಿಯನ್ನು ಈಕೆ ಮನೆ ಮುಂದೆ ಹುಲ್ಲಿನ ಮೇಲೆ ಇಡುತ್ತಾರೆ. ಯಾರು ಒಯ್ಯುತ್ತಾರೆ ಅಂತ ಪರದೆಯ ಹಿಂದೆ ನಿಂತು ನೋಡುತ್ತಾರೆ. ಅಕ್ಕಪಕ್ಕದವರು, ವಾಕಿಂಗ್ ಹೋಗುವವರು ಎಲ್ಲ ದಾಟಿ ಹೋಗುತ್ತಾರೆ, ಯಾರೂ ಮುಟ್ಟುವುದಿಲ್ಲ. ಕೊನೆಗೆ ಕೌನ್ಸಿಲ್‌ನ ಲಾರಿ ಬಂದು ಈಕೆಯ ಕಣ್ಣೆದುರೇ ಅದನ್ನು ಒಳಕ್ಕೆಳೆದು ಮುರಿದುಹಾಕುತ್ತದೆ. ಅಲ್ಲಿಗೆ ಬರಹ ಮುಗಿಯುತ್ತದೆ.

"ಇದರಲ್ಲಿ ತಪ್ಪೇನು?" ಅಂದರು.

"ಏಣಿ ಗಟ್ಟಿ ಇದೆ, ತಗೊಂಡು ಹೋಗಿ ಅಂತ ಒಂದು ಚೀಟಿ ಅಂಟಿಸಬೇಕಿತ್ತು. ಚೀಟಿ ಇಲ್ಲದ ಸಾಮಾನು ಕೆಟ್ಟಿದೆ ಅಂತಲೇ ಜನ ಅಂದ್ಕೊಳ್ಳೋದು. ಚೀಟಿ ಇದ್ದಿದ್ರೆ ಮಧ್ಯಾಹ್ನದೊಳಗೆ ಹೋಗಿರೋದು. ನಾನೇ ಒಯ್ಯುತ್ತಿದ್ದೆ."

ಅವರು ಬ್ಯಾನರ್ ಕಡೆ ತಿರುಗಿದರು. "ಯಾರೂ ಒಯ್ಯೋದು ಬೇಡ ಅಂತಲೇ ಚೀಟಿ ಅಂಟಿಸಿರಲಿಲ್ಲವೇನೋ" ಅಂದರು.

"ಹಾಗಿದ್ರೆ ಹೊರಗೆ ಯಾಕೆ ಇಡಬೇಕು?"

"ಮಗಳು ಇಡು ಅಂದಿರಬಹುದು."

"ಹಾಗಿದ್ರೆ ಅದನ್ನ ಬರೀಬೇಕಿತ್ತು! ಅದನ್ನ ಬಿಟ್ಟು ಬರೆದಿದ್ದಕ್ಕೆ ನಾನು ಸುಮ್ಮನೆ ಅವರ ಅಕ್ಕಪಕ್ಕದವರಿಗೆಲ್ಲ ಬೈಕೊಂಡೆ. ಮುಖ್ಯವಾದ ಮಾತನ್ನೇ ಒಳಗಿಟ್ಕೊಂಡ್ರೆ ಓದೋರು ಏನು ಮಾಡ್ಬೇಕು?"

ಅದೇ ಹೊತ್ತಿಗೆ ನೊಮ್ಸಾ ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಮುಂದಿನ ಬಾಗಿಲಿಗೆ ಬಂದಳು. ಮೊದಲು ಬ್ಯಾನರ್ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತವರನ್ನು. "ಆಂಟಿ ಗ್ವೆನ್!" ಅಂದವಳು ಹಣೆಗೆ ಕೈ ಹಚ್ಚಿದಳು.

ಬ್ಯಾನರ್ ಮೇಲಿನ ಮುಖ, ಕುರ್ಚಿಯ ಮುಖ ಎರಡನ್ನೂ ನೋಡಿದೆ. ಮೂಗು ಅದೇ. ಫೋಟೊ ಅದೆಷ್ಟು ಹಳೆಯದೋ!

"ಏನಿದು?" ಅಂತ ನೊಮ್ಸಾ ನನ್ನನ್ನು ಕೇಳಿದಳು. "ಯಾರಿಗೂ ಹೇಳಬೇಡ ಅಂದಿರಲಿಲ್ವಾ?"

"ಹೇಳಿಲ್ಲ" ಅಂದೆ.

"ನನ್ನ ಕಾರಿಗಿಂತ ದೊಡ್ಡದಾಗಿ ಬರೆಸಿ ಗೇಟಿಗೆ ಕಟ್ಟಿದ್ದೀಯ!"

ಗ್ವೆನ್ ಎದ್ದರು. "ನಿನಗೊಂದು ಮಾತು ಮುಖ ನೋಡಿ ಹೇಳಿ ಹೋಗೋಣ ಅಂತ ಬಂದೆ, ನೊಮ್ಸಾ. ನೀವೆಲ್ಲ ಸೇರಿ ನನ್ನನ್ನ ಬದುಕಿರುವಾಗಲೇ ಫೋಟೊ ಮಾಡ್ತೀರಿ ಅಂತ ಗೊತ್ತಿರಲಿಲ್ಲ. ಬ್ಲಾಗ್ ಮುಚ್ಚೋದು ಮುಚ್ಚೋದೇ. ಬಸ್ ಬರುತ್ತೆ, ನಾನು ಹೊರಡ್ತೀನಿ."

ನಾನು ಕುರ್ಚಿಯ ಮೇಲೆ ಹತ್ತಿ ಬ್ಯಾನರ್‌ನ ಗಂಟು ಬಿಚ್ಚತೊಡಗಿದೆ. ಯಜಮಾನರು ಹಾಕಿದ ಗಂಟು, ಬಿಚ್ಚಲಿಲ್ಲ. ನೊಮ್ಸಾ ಆಂಟಿಯ ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದಳು. ಎಷ್ಟೋ ಜನ ಸೇರಿ ಮಾಡಿದ ಏರ್ಪಾಡು ನನ್ನ ಒಂದು ಬ್ಯಾನರಿನಿಂದ ಹಾಳಾಯಿತಲ್ಲ ಅನ್ನಿಸಿತು. ಅಂಥ ಹೊತ್ತಿನಲ್ಲಿ ಕ್ಷಮೆ ಕೇಳುವುದು ರೂಢಿ. ನನ್ನ ಬಾಯಿಂದ ಬಂದದ್ದು ಬೇರೆ.

"ಹೋಗೋದಾದ್ರೆ ಹೋಗಿ ಆಂಟಿ. ಆದ್ರೆ ಆ ಚೀಟಿ ವಿಷಯ ಬರೆದು ಹೋಗಿ. ಅರ್ಧ ಹೇಳಿ ಅಂಗಡಿ ಮುಚ್ಚೋದು ಸರಿಯಲ್ಲ."

ನೊಮ್ಸಾ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಗ್ವೆನ್ ಮಾತ್ರ ಊರುಗೋಲು ಊರಿಕೊಂಡು ನನ್ನ ಕಡೆ ತಿರುಗಿದರು. "ಆ ಬರಹಕ್ಕೆ ಎಲ್ಲರೂ ಅಯ್ಯೋ ಪಾಪ ಅಂತ ಬರೆದಿದ್ದರು, ಹೂವಿನ ಚಿತ್ರ ಹಾಕಿದ್ದರು. ಯಾರೂ ಜಗಳಕ್ಕೆ ಬಂದಿರಲಿಲ್ಲ" ಅಂದರು. ಫ್ಲಾಸ್ಕಿನ ಪಕ್ಕದ ಖಾಲಿ ಕಪ್ಪಿನ ಕಡೆ ನೋಡಿ, "ಇನ್ನೂ ಚಹಾ ಇದೆಯಾ?" ಅಂತ ಕೇಳಿದರು.

ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ.

ಊಟಕ್ಕೆ ಮುಂಚೆ ಎಲ್ಲರೂ ಒಳಗೆ ಕೂತರು. ಸಿಡ್ನಿಯವರು, ಮೆಲ್ಬರ್ನ್‌ನವರು, ಬಿಳಿಯರು, ಕರಿಯರು, ನಮ್ಮ ಹಾಗೆ ಕಾಣುವ ಡರ್ಬನ್‌ನವರು, ಎಲ್ಲ ಇದ್ದರು. ಗೇಟಿನಿಂದ ಬಂದವರಿಗೆ ಬಿಚ್ಚದೆ ಉಳಿದ ಬ್ಯಾನರ್ ನೋಡಿ ಈ ಸಲ ಸರ ಯಾರಿಗೆ ಅಂತ ಗೊತ್ತಾಗಿಹೋಗಿತ್ತು. ಆದರೂ ಒಬ್ಬರೂ ಬಾಗಿಲ ಹತ್ತಿರದ ಮೆತ್ತನೆ ಕುರ್ಚಿಯ ಕಡೆ ತಿರುಗಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೂರುವ ಆ ಸೌಜನ್ಯವನ್ನು ನಾನು ನಮ್ಮ ಸಭೆಗಳಲ್ಲಿ ಕಂಡಿಲ್ಲ.

ನೊಮ್ಸಾ ಏಣಿಯ ಬರಹವನ್ನೇ ಓದಿದಳು. ಮುಗಿಯಿತು. ಯಾರೂ ಏಳಲಿಲ್ಲ. ಹಿಂದಿನ ಅಂಗಳದಿಂದ ಕೆಂಡ ಚಟಪಟ ಅನ್ನುವುದು ಕೇಳುತ್ತಿತ್ತು. ನೊಮ್ಸಾ ಕಾಗದ ಮಡಚಿದಳು, ಮತ್ತೆ ಬಿಡಿಸಿದಳು. ಇನ್ನು ಏಳುವುದಿಲ್ಲ ಅಂತ ನಾನು ತೀರ್ಮಾನಿಸಿದ್ದೆ.

ಗ್ವೆನ್ ಊರುಗೋಲಿನ ಮೇಲೆ ಭಾರ ಹಾಕಿ ಎದ್ದರು.

"ಇದು ನನ್ನದು. ಆದರೆ ಪೂರ್ತಿ ಅಲ್ಲ. ಒಂದು ಮಾತು ಬಿಟ್ಟಿದ್ದೆ" ಅಂದರು. "ಏಣಿ ಹೊರಗಿಟ್ಟ ದಿನ, ಇದು ಗಟ್ಟಿ ಇದೆ ಅಂತ ಮಗಳು ಒಂದು ಚೀಟಿ ಅಂಟಿಸಿ ಹೋಗಿದ್ದಳು. ಅವಳ ಕಾರು ತಿರುವು ದಾಟಿದ ಮೇಲೆ ನಾನೇ ಹೋಗಿ ಅದನ್ನ ಕಿತ್ತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ನೊಮ್ಸಾ ಸರ ಹಾಕಿದಳು. ಎಲ್ಲ ಮುಗಿದ ಮೇಲೆ ಗ್ವೆನ್ ನನ್ನನ್ನು ಹತ್ತಿರ ಕರೆದು, "ಚಳಿಯಾಗ್ತಿದೆ, ನಿನ್ನ ಬುಟ್ಟಿಯಲ್ಲಿ ಒಂದು ಶಾಲು ಇತ್ತಲ್ಲ?" ಅಂದರು. ತಂದು ಹೊದಿಸಿದೆ. ಪೇಟವನ್ನು ಹೊರಗೆ ತೆಗೆಯಲು ಮಾತ್ರ ಧೈರ್ಯ ಬರಲಿಲ್ಲ.

ಅಂದು ಅವರು ಬ್ಲಾಗ್ ಬಗ್ಗೆ ಏನೂ ಹೇಳಲಿಲ್ಲ. ಏಪ್ರಿಲ್ ಮುಗಿದ ದಿನ ತೆರೆದು ನೋಡಿದೆ. ಇತ್ತು. ಏಣಿಯ ಬರಹದ ಕೆಳಗೆ ಚೀಟಿಯ ಮಾತು ಸೇರಿತ್ತು, ಮೇಲೆ ಒಂದು ಹೊಸ ಬರಹವೂ ಇತ್ತು. ಗಂಡನ ಓವರ್‌ಕೋಟನ್ನು ಏನು ಮಾಡುವುದು ಅನ್ನುವ ವಿಷಯ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಜೀವನದಲ್ಲಿ ಮೊದಲ ಸಲ ಕಾಮೆಂಟ್ ಬರೆದೆ. ಮರುದಿನವೇ ಉತ್ತರ ಬಂತು, ನನ್ನ ಮಾತನ್ನು ಒಂದೊಂದಾಗಿ ಕತ್ತರಿಸಿಹಾಕಿದ್ದರು.

ಬ್ಯಾನರ್ ಹಾಕಿದ್ದು ತಪ್ಪು ಅಂತ ನೊಮ್ಸಾ ಈಗಲೂ ಅನ್ನುತ್ತಾಳೆ, ಬ್ಯಾನರ್ ಇಲ್ಲದಿದ್ದರೆ ಆ ಮಾತುಕತೆಯೇ ಆಗುತ್ತಿರಲಿಲ್ಲ ಅಂತ ನಾನು ಅನ್ನುತ್ತೇನೆ. ಅದು ಇತ್ಯರ್ಥವಾಗುವುದಿಲ್ಲ. ಆದರೆ ಅಂದಿನಿಂದ ಸಂಘದವರು ಸನ್ಮಾನದ ಸೆಟ್ ಕೇಳಿ ಫೋನ್ ಮಾಡಿದರೆ, "ಅವರು ಏನು ಮಾಡಿದ್ದಾರೆ? ನೀವು ಓದಿದ್ದೀರಾ, ನೋಡಿದ್ದೀರಾ?" ಅಂತ ಕೇಳುತ್ತೇನೆ. "ಅಯ್ಯೋ ಆಂಟಿ, ಅದೆಲ್ಲ ನಿಮಗ್ಯಾಕೆ, ಆ ದಿನ ಶಾಲು ಫ್ರೀ ಇದೆಯಾ ಹೇಳಿ" ಅನ್ನುತ್ತಾರೆ. ಕೊಡುತ್ತೇನೆ, ವ್ಯಾಪಾರ ವ್ಯಾಪಾರವೇ. ನಿಮಗೆ ಮಾತ್ರ ಹೇಳುತ್ತೇನೆ: ನಿಮ್ಮ ಗುರುತಿನವರು ಯಾರಾದರೂ ಬರೆಯುತ್ತಿದ್ದರೆ, ಹಾಡುತ್ತಿದ್ದರೆ, ಚೆನ್ನಾಗಿದೆ ಅಂದು ಸುಮ್ಮನಾಗಬೇಡಿ. ಎಲ್ಲಿ ಸರಿಹೋಗಲಿಲ್ಲ ಅನ್ನುವುದನ್ನೂ ಹೇಳಿ. ಅವರು ಉತ್ತರ ಕೊಡಲಾದರೂ ಮುಂದುವರಿಸುತ್ತಾರೆ.

ಗ್ವೆನ್ ಈಗ ತಿಂಗಳಿಗೊಂದು ಬರೆಯುತ್ತಾರೆ. ಅವರ ವಾದ ಸರಿ ಅಂತ ಒಪ್ಪಿಕೊಳ್ಳುವಂಥ ಸಂದರ್ಭಗಳೂ ಬಂದಿವೆ. ಆದರೆ ನಾನು ಎಂದೂ ಪೂರ್ತಿ ಒಪ್ಪಿಬಿಡುವುದಿಲ್ಲ. ಕೊನೆಯಲ್ಲಿ ಒಂದು ತಕರಾರನ್ನು ಬೇಕೆಂದೇ ಉಳಿಸಿರುತ್ತೇನೆ.