ಮೊದಲ ಬುಟ್ಟಿಯ ದರ

ಕಾನೂನು ಪದವಿಯ ಕೊನೆಯ ವರ್ಷ ವ್ಯವಹಾರ ಕಾನೂನಿನಲ್ಲಿ ಆನರ್ಸ್ ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅದೇನೆಂದು ಯಾರಿಗೂ ತಿಳಿಯಲಿಲ್ಲ. ನನಗೂ ಅರ್ಧವೇ ತಿಳಿದಿತ್ತು. ಹುಬ್ಬಳ್ಳಿಯಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲ್ಲು, ಕುಮಟಾದಲ್ಲಿ ಮನೆ. ಊರಿಗೆ ಬರುವಾಗ ಬಸ್ಸಿನಲ್ಲಿ ಕಂಪನಿ ಕಾಯ್ದೆ ಓದಲು ಕೂರುತ್ತಿದ್ದೆ. ಘಟ್ಟದ ತಿರುವು ಶುರುವಾದ ಕೂಡಲೇ ಪುಸ್ತಕ ಮುಚ್ಚುತ್ತಿದ್ದೆ. ಹಾಗಾಗಿ ಆ ಕಾಯ್ದೆಯ ಮೊದಲ ಭಾಗ ಮಾತ್ರ ನನಗೆ ಬಾಯಿಪಾಠ.

ಆನರ್ಸಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಅದು ಒಪ್ಪಿಗೆಯಾದರೆ ಆನರ್ಸ್, ಇಲ್ಲವಾದರೆ ಬರೀ ಪದವಿ. ನಾನು ಆರಿಸಿಕೊಂಡದ್ದು ಅಘನಾಶಿನಿ ಊರಿನಲ್ಲಿರುವ ನನ್ನ ಸೋದರತ್ತೆಯ ದೋಣಿಯನ್ನು. ಅತ್ತೆ ಮತ್ತು ನೆರೆಯ ಮೂವರು ಹೆಂಗಸರು ಇಳಿತದ ಹೊತ್ತಿಗೆ ಹೊಳೆಯ ನಡುವಿನ ದಿಬ್ಬಕ್ಕೆ ಹೋಗಿ ಬಳಚು, ಅಂದರೆ ತಿನ್ನುವ ಚಿಪ್ಪಿ, ಹೆಕ್ಕಿ ತರುತ್ತಾರೆ. ಈ ಚಿಪ್ಪಿಯ ವ್ಯಾಪಾರ ಒಂದು ಪಾಲುದಾರಿಕೆ ಸಂಸ್ಥೆ ಎಂದು ನನ್ನ ವಾದ. ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಒಂದೇ ದೋಣಿಯಲ್ಲಿ ಹೋದ ಮಾತ್ರಕ್ಕೆ ಪಾಲುದಾರರಾಗುವುದಿಲ್ಲ. ನೀನು ಬಂದ ಬಸ್ಸಿನವರೆಲ್ಲ ಪಾಲುದಾರರಾ? ಒಬ್ಬಳ ಮಾತು ಉಳಿದವರನ್ನೆಲ್ಲ ಕಟ್ಟಿಹಾಕುತ್ತದೆ ಅಂತ ತೋರಿಸು. ಇಲ್ಲದಿದ್ದರೆ ವಿಷಯ ಬದಲಾಯಿಸು.”

ಪ್ರಬಂಧ ಕೊಡಲು ಉಳಿದಿದ್ದದ್ದು ಒಂದೇ ತಿಂಗಳು. ಮೇಡಂ ಮೇಲೆ ಸಿಟ್ಟು ಮಾಡಿಕೊಂಡೇ ಅಘನಾಶಿನಿಗೆ ಬಂದೆ. ಅವರು ಹೇಳಿದ್ದು ಸರಿ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು.

ಅತ್ತೆಯ ಮನೆ ಜಗಲಿಯಲ್ಲಿ ನಾಲ್ವರನ್ನೂ ಕೂರಿಸಿಕೊಂಡು ಪ್ರಶ್ನೆಗಳ ಹಾಳೆ ಬಿಡಿಸಿದೆ. ನಿಮ್ಮ ನಡುವೆ ಒಪ್ಪಂದ ಇದೆಯೇ, ದರ ನಿಗದಿ ಮಾಡುವ ಅಧಿಕಾರ ಯಾರದು, ಹೀಗೆ ಇಪ್ಪತ್ತೆರಡು ಪ್ರಶ್ನೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರುಮಾಡಿದರು.

“ಅಧಿಕಾರ ಎಂತದು? ಮೊದ್ಲ ಬುಟ್ಟಿ ದಡಕ್ಕೆ ತಂದವ್ಳು ದರ ಹೇಳೂದು. ಅಷ್ಟೇಯಾ,” ಎಂದಳು ಅತ್ತೆ. “ನಿಂಗೆ ಕೂತ್ಕಂಡು ಗೊತ್ತಾಗೂದಿಲ್ಲ. ನಾಳೆ ಬಾ.”

ಮರುದಿನ ಬೆಳಗ್ಗೆ ಹಳೆಯ ಚೂಡಿದಾರ ತೊಟ್ಟು ದೋಣಿ ಹತ್ತಿದೆ. ಮೊಣಕಾಲಿನ ತನಕ ಕೆಸರು. ಅವರು ಕಾಲಿನಲ್ಲಿ ತಡವಿಯೇ ಬಳಚು ಎಲ್ಲಿದೆ ಎಂದು ಕಂಡುಹಿಡಿಯುತ್ತಿದ್ದರು; ನನ್ನ ಕಾಲಿಗೆ ಸಿಕ್ಕಿದ್ದು ಬರೀ ಖಾಲಿ ಚಿಪ್ಪು. ಅಂಗೈ ಎರಡು ಕಡೆ ಕೊಯ್ದುಕೊಂಡಿತು. ಆದರೂ ಅಂದು ಮೈ ಹಗುರಾಗಿತ್ತು. ಹಾಸ್ಟೆಲ್ಲಿನಲ್ಲಿ ಇಡೀ ವಾರ ನಗದಷ್ಟು ಆ ಎರಡು ತಾಸಿನಲ್ಲಿ ನಕ್ಕಿದ್ದೆ.

ದೋಣಿ ದಡಕ್ಕೆ ಬಂದಾಗ, ಕೈಕಾಲಿಗೆ ಅಡ್ಡ ಬರುತ್ತಾಳೆಂದೋ ಏನೋ, ಒಂದು ತುಂಬಿದ ಬುಟ್ಟಿ ನನ್ನ ಸೊಂಟಕ್ಕೆ ಕೊಟ್ಟು ಮುಂದೆ ಕಳಿಸಿದರು. ಮೇಲೆ ಟೆಂಪೊ ಹತ್ತಿರ ಬಳಚು ಕೊಳ್ಳಲು ಬಂದಿದ್ದ ಭಟ್ಕಳದ ವ್ಯಾಪಾರಿ, ಫೋನಿನಲ್ಲಿ ತನ್ನ ನವಾಯಿತಿ ಭಾಷೆಯಲ್ಲಿ ಮಾತಾಡುತ್ತಿದ್ದವನು, ನನ್ನನ್ನು ಕಂಡು ಕೇಳಿದ: “ಎಷ್ಟು?”

ಹಿಂದಿನ ವಾರ ಅತ್ತೆ ಫೋನಿನಲ್ಲಿ ಹೇಳಿದ್ದ ದರ ನನ್ನ ತಲೆಯಲ್ಲಿತ್ತು. ಕಾನೂನು ಓದಿದವಳ ಗತ್ತಿನಲ್ಲಿ ಅದನ್ನೇ ಹೇಳಿಬಿಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, “ಆತು,” ಎಂದ.

ಆ ವಾರ ದರ ಏರಿತ್ತು. ಅದು ನನಗೆ ತಿಳಿದದ್ದು ಹಿಂದಿನಿಂದ ಬುಟ್ಟಿ ಹೊತ್ತು ಬಂದ ಹೆಂಗಸರ ಮುಖ ನೋಡಿದಾಗ. ನಾಲ್ವರೂ ಬುಟ್ಟಿ ಕವುಚತೊಡಗಿದರು. ನನಗೆ ಅಳು ಬಂತು.

“ಅತ್ತೆ, ನಂಗೆ ಗೊತ್ತಿರ್ಲಿಲ್ಲ. ಬೇರೆ ದರ ಹೇಳಿ.”

“ಹೇಳಿ ಆತಲ್ಲ,” ಎಂದಳು ಅತ್ತೆ, ಬುಟ್ಟಿಯ ತಳ ಬಡಿಯುತ್ತ.

ವ್ಯಾಪಾರಿಗೇ ಪಾಪ ಅನ್ನಿಸಿರಬೇಕು. “ಅಕ್ಕ, ಇವ್ಳು ಓದೋ ಹುಡ್ಗಿ. ನಮ್ ದೋಣಿಯವ್ಳಲ್ಲ ಅಂತ ನೀವು ಒಂದ್ ಮಾತು ಹೇಳಿ, ನಾನು ಈ ದರ ಬಿಟ್ಟು ಈ ವಾರದ್ದೇ ಕೊಡ್ತೆ,” ಎಂದ.

ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನ ಕಡೆ ನೋಡಿದಳು. ನನ್ನ ಮೊಣಕೈವರೆಗೆ ಮೆತ್ತಿದ್ದ ಕೆಸರು ಇನ್ನೂ ಒಣಗಿರಲಿಲ್ಲ.

“ಬೆಳಗಿಂದ ನಮ್ ಸಂಗ್ಡ ಕೆಸ್ರಲ್ಲಿ ಇದ್ದವ್ಳು. ದೋಣಿಯವ್ಳೇಯಾ. ತುಂಬ್ಸು ಟೆಂಪೊ.”

ಉಳಿದ ಮೂವರೂ ಬುಟ್ಟಿ ಕವುಚುತ್ತಲೇ ಇದ್ದರು. ಹಿಂತಿರುಗುವ ದಾರಿಯುದ್ದಕ್ಕೂ ಅವರು ಮಾತಾಡಿದ್ದು ಯಾರದೋ ಮನೆಯ ಮದುವೆಯ ಬಗ್ಗೆ. ಅವತ್ತು ಸಂಜೆ ನನ್ನ ಇಪ್ಪತ್ತೆರಡು ಪ್ರಶ್ನೆಗಳನ್ನು ಹರಿದು, ನಾನು ಮಾಡಿದ ಎಡವಟ್ಟನ್ನೇ ಪ್ರಬಂಧದ ಮೊದಲ ಅಧ್ಯಾಯವಾಗಿ ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು ಆ ಅಧ್ಯಾಯವನ್ನೇ ಹಿಡಿದುಕೊಂಡರು. “ನೀನು ಪಾಲುದಾರಳೇ ಅಲ್ಲವಲ್ಲಮ್ಮ. ನಿನ್ನ ಮಾತು ಅವರನ್ನು ಕಟ್ಟಿಹಾಕಿದ್ದು ಹೇಗೆ?”

ಕಲಮುಗಳನ್ನೆಲ್ಲ ಓದಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. “ಇವಳು ನಮ್ಮವಳಲ್ಲ ಅನ್ನಲು ಅವರಿಗೆ ಅವಕಾಶ ಇತ್ತು ಸರ್. ಅವರು ಅನ್ನಲಿಲ್ಲ.”

ಮೇಡಂ ನೀರಿನ ಲೋಟ ನನ್ನ ಕಡೆ ಸರಿಸಿದರು. ಪ್ರಾಧ್ಯಾಪಕರು ಒಂದೆರಡು ಪುಟ ಮಗುಚಿ ಸಹಿ ಹಾಕಿದರು.

ಆನರ್ಸ್ ಸಿಕ್ಕ ಸುದ್ದಿ ಹೇಳಲು ನಾನು ಹೋದಾಗ ಅತ್ತೆ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು.

“ಆತಾ?” ಎಂದು ಕೇಳಿದಳು.

“ಆತು,” ಎಂದೆ.

ತೊಳೆದ ಬುಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟಳು. “ಹಂಗಾರೆ ನಾಳೆ ಮೊದ್ಲ ಬುಟ್ಟಿ ನೀನೇ ಹೊರು. ದರ ಮಾತ್ರ ಮೊದ್ಲೇ ಕೇಳ್ಕ.”