ಪಚ್ಚೆಯೊಳಗಿನ ಗೆರೆ

ಹಾರದಲ್ಲಿ ಮೂರು ಕೆಂಪು ಹರಳುಗಳು ಕುಳಿತಾಗಿವೆ. ನಾಲ್ಕನೆಯದನ್ನು ಪ್ರೇಮಾವತಿ ಚಿಮಟದಲ್ಲಿ ಹಿಡಿದು ಕಿಟಕಿಯತ್ತ ಎತ್ತುತ್ತಾರೆ. ಬಂಟ್ವಾಳ ಪೇಟೆಯ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಅವರ ಅರ್ಧ ಕೆಲಸ ಮುಗಿದಿರಬೇಕು.

"ದೀಪದ ಬೆಳಕಲ್ಲಿ ಎಲ್ಲ ಹರಳೂ ಚಂದವೇ. ಬೆಳಗ್ಗಿನ ಬೆಳಕಲ್ಲಿ ಅದರ ಗುಣ ಗೊತ್ತಾಗ್ತದೆ."

ಗಂಡ ರಮಾನಾಥ ಆಚಾರ್ಯರದು ಚಿನ್ನದ ಕೆಲಸ. ಹರಳು ಕೂರಿಸುವವರು ಇವರು. ಇಪ್ಪತ್ತಾರು ವರ್ಷಗಳಿಂದ, ದಿನಕ್ಕೆ ಮೂವತ್ತು ನಲವತ್ತು. ಗಿರಾಕಿಗಳಿಗೆ ಇದು ಗೊತ್ತಿಲ್ಲ. ಮೆಟ್ಟಿಲಲ್ಲಿ ಸದ್ದಾದರೆ ಪ್ರೇಮಾವತಿ ಒಳಗೆ ಹೋಗುತ್ತಾರೆ, ಆ ಜಾಗದಲ್ಲಿ ಗಂಡ ಕೂರುತ್ತಾರೆ. "ಹೆಂಗಸರ ಕೈಗೆ ಹರಳು ಕೊಡ್ಲಿಕ್ಕೆ ಜನ ಹೆದರ್ತಾರೆ ಅಂತ ಅತ್ತೆ ಹೇಳಿದ್ದು. ಹಾಗೆಯೇ ನಡೆದುಕೊಂಡು ಬಂತು."

ಅವರಿಗೆ ಎಲ್ಲಕ್ಕಿಂತ ಇಷ್ಟ ಪಚ್ಚೆ. ಒಳಗೆ ಪಾಚಿಯ ಎಳೆಯಂಥ ಗೆರೆಗಳಿರುವ, ನೆಲದೊಳಗಿಂದ ಬಂದದ್ದೆಂದು ನೋಡಿದರೇ ತಿಳಿಯುವ ಪಚ್ಚೆ. "ಗೆರೆಯೇ ಇಲ್ಲದ್ದು ಗಾಜಿನ ಹಾಗೆ ಕಾಣ್ತದೆ ನನಗೆ" ಎನ್ನುತ್ತಾರೆ.

ಕಳೆದ ವರ್ಷ ಪುಂಜಾಲಕಟ್ಟೆಯ ರುಕಿಯಾ ತಮ್ಮ ತಾಯಿಯ ಪಚ್ಚೆಯುಂಗುರ ತಂದಿದ್ದರು. ಕಲ್ಲು ಸಡಿಲವಾಗಿತ್ತು. "ಗೆರೆ ಅಂಚಿನವರೆಗೆ ಬಂದಿತ್ತು. ನಾನು ನೋಡಿದ್ದೆ. ಆದರೂ ಚಿನ್ನವನ್ನು ಅಲ್ಲಿಯೇ ಒತ್ತಿದೆ. ಟಿಕ್ ಅಂತ ಒಂದು ಶಬ್ದ. ಎರಡು ತುಂಡು" ಎನ್ನುತ್ತಾರೆ ಪ್ರೇಮಾವತಿ.

ರುಕಿಯಾ ಬೈದದ್ದು ರಮಾನಾಥರನ್ನು. "ಕೈ ನಡುಗುವವರು ಮೊದಲೇ ಹೇಳ್ಬೇಕಿತ್ತು ಆಚಾರ್ರೇ. ನನ್ನ ಉಮ್ಮನ ಕಲ್ಲು ಅದು!" ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

"ಆಮೇಲೆ ಪೇಟೆಯಲ್ಲಿ ನನಗೆ ಒಂದು ಬಿರುದು ಸಿಕ್ಕಿತು ಮಾರಾಯ್ರೇ, ನಡುಗುವ ಆಚಾರ್ರು!" ಎಂದು ರಮಾನಾಥರು ನಗುತ್ತಾರೆ. ಹೆಂಡತಿ ನಗುವುದಿಲ್ಲ. ಗಂಡ ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಇವರ ಕೈ ಒಂದು ದಿನವೂ ನಡುಗಿದ್ದಿಲ್ಲ. ನಾನು ಹೊರಗೆ ಬರಬೇಕಿತ್ತು. ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ನನಗೆ ಒಂದು ಮಾತು ಹೇಳಿದ್ದಿಲ್ಲ. ಬೈದಿದ್ದರೆ ಅನ್ನ ಸೇರ್ತಿತ್ತು."

ಈಗ ಕೂರಿಸುತ್ತಿರುವ ಕೆಂಪು ಹರಳುಗಳು ರುಕಿಯಾರ ಮಗಳು ಶಹಲಾಳ ಮದುವೆಯ ಹಾರಕ್ಕೆ. ಮಗಳ ಹಠಕ್ಕೆ ಮತ್ತೆ ಇಲ್ಲಿಗೇ ಕೊಟ್ಟರೂ ರುಕಿಯಾ ಒಂದು ಷರತ್ತು ಹಾಕಿದ್ದಾರೆ: ಹರಳಿಗೆ ಆಚಾರ್ರ ಕೈ ತಾಗಬಾರದು, ಬೇರೆಯವರಿಂದ ಕೂರಿಸಬೇಕು. ರಮಾನಾಥರು ಆಗಲಿ ಎಂದಿದ್ದಾರೆ.

ಕೆಳಗೆ ಆಟೋ ನಿಲ್ಲುತ್ತದೆ. "ಆಚಾರ್ರು ಉಂಟಾ?" ರುಕಿಯಾರ ದನಿ.

ರಮಾನಾಥರು ಅವಸರದಲ್ಲಿ ಹೊರಬರುತ್ತಾರೆ. "ಪ್ರೇಮಾ, ಅವರು ಬಂದ್ರು. ಏಳು."

ಪ್ರೇಮಾವತಿ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಏಳುವುದಿಲ್ಲ.